ಯಾವ ಒಂದು ಸಭೆಗೂ ಸೇರದ ಆಸ್ಪತ್ರೆ: ವೆಲ್ಲೂರಿನ ಕೂಡು ಸೇವೆ ಮತ್ತು ಅದರ ಇಂದಿನ ಇಕ್ಕಟ್ಟು

ಕೋಲಾರ, ಮುಳಬಾಗಿಲು, ಕೆಜಿಎಫ್ ಕಡೆಯ ಮನೆಗಳಲ್ಲಿ ಕಾಯಿಲೆ ಊರಿನ ಡಾಕ್ಟರಿಗೆ ಹಿಡಿತ ಸಿಗದೆ ಹೋದಾಗ ‘ಒಂದು ಸಲ ವೆಲ್ಲೂರಿಗೆ ಹೋಗಿ ತೋರಿಸಿಕೊಂಡು ಬನ್ನಿ’ ಎನ್ನುವುದು ಹಲವು ತಲೆಮಾರುಗಳಿಂದ ಬಂದ ಮಾತು. ಅಲ್ಲಿಗೆ ಹೋಗಿಬಂದವರಿಗೆ ಅದು ಕ್ರೈಸ್ತರು ನಡೆಸುವ ಆಸ್ಪತ್ರೆ ಎಂಬುದು ಗೊತ್ತಿರುತ್ತದೆ. ಯಾವ ಕ್ರೈಸ್ತ ಪಂಗಡದ್ದು ಎಂದು ಕೇಳಿದರೆ ಮಾತ್ರ ಉತ್ತರ ಹೇಳುವವರು ಕಡಿಮೆ. ಅದು ಯಾವ ಒಂದು ಪಂಗಡಕ್ಕೂ, ಅಂದರೆ ಯಾವ ಒಂದು ಸಭೆಗೂ (ಚರ್ಚಿಗೂ), ಸೇರಿದ್ದಲ್ಲ. ದಕ್ಷಿಣ ಭಾರತ ಸಭೆ, ಉತ್ತರ ಭಾರತ ಸಭೆ, ಮಾರ್ ತೋಮಾ ಸಭೆ, ಲೂಥರನ್, ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಸಭೆಗಳೂ ಸೇರಿದಂತೆ ಐವತ್ತಕ್ಕೂ ಹೆಚ್ಚು ಸಭೆಗಳು ಮತ್ತು ಕ್ರೈಸ್ತ ಸಂಸ್ಥೆಗಳು ಸದಸ್ಯರಾಗಿರುವ ಒಂದು ಸಂಘ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನೂ ಅದರ ಆಸ್ಪತ್ರೆಯನ್ನೂ ನಡೆಸುತ್ತಿದೆ.

ಇದೇ ಸಂಘದ ಹೆಸರು 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟಿನ ಒಂದು ಮುಖ್ಯ ತೀರ್ಪಿನ ಶೀರ್ಷಿಕೆಯಲ್ಲಿ ಕಾಣಿಸಿಕೊಂಡಿತು. ವೈದ್ಯಕೀಯ ಪ್ರವೇಶಕ್ಕೆ ದೇಶವೆಲ್ಲ ಒಂದೇ ಪರೀಕ್ಷೆ ಎಂಬ ನೀಟ್ ನಿಯಮ ಅಲ್ಪಸಂಖ್ಯಾತರ ಕಾಲೇಜುಗಳಿಗೂ ಅನ್ವಯಿಸುತ್ತದೆ, ಅದರಿಂದ ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸಲು ಸಂವಿಧಾನದ 30ನೇ ವಿಧಿ ಕೊಟ್ಟಿರುವ ಹಕ್ಕಿಗೆ ಭಂಗ ಬರುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಪತ್ರಿಕೆಗಳು ಇದನ್ನು ಅಲ್ಪಸಂಖ್ಯಾತರ ಹಕ್ಕು ಮತ್ತು ಪ್ರತಿಭೆಯ ನಡುವಣ ಪ್ರಶ್ನೆಯಾಗಿ ಬರೆದವು. ಬೇರೆ ಬೇರೆ ಸಭೆಗಳು ನೂರು ವರ್ಷ ಹೆಣೆದುಕೊಂಡು ಬಂದ ಒಂದು ಏರ್ಪಾಡಿಗೆ ಈ ತೀರ್ಪು ತಾಗಿದ್ದು ಎಲ್ಲಿ ಎಂಬುದು ಆ ಚರ್ಚೆಯಲ್ಲಿ ಹೆಚ್ಚು ಬರಲಿಲ್ಲ. ಅದು ತಿಳಿಯಬೇಕಾದರೆ ಪ್ರತ್ಯೇಕವಾಗಿ ಆರಾಧನೆ ಮಾಡುತ್ತಿದ್ದ ಈ ಸಭೆಗಳು ಒಟ್ಟಿಗೆ ಆಸ್ಪತ್ರೆ ಕಟ್ಟಲು ಹೊರಟದ್ದು ಏಕೆ, ಹೇಗೆ ಎಂಬಲ್ಲಿಂದ ಆರಂಭಿಸಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತಕ್ಕೆ ಬಂದ ಪ್ರೊಟೆಸ್ಟೆಂಟ್ ಮಿಷನ್‌ಗಳು ತಮ್ಮ ತಮ್ಮ ದೇಶದ ಭಿನ್ನಮತಗಳನ್ನೂ ಜೊತೆಗೆ ತಂದವು. ಬಿಷಪ್ಪರಿಲ್ಲದ ಸಭೆ ಪೂರ್ಣ ಸಭೆಯಲ್ಲ ಎಂದು ಆಂಗ್ಲಿಕನ್ನರು ನಂಬಿದ್ದರು; ಬಿಷಪ್ಪರೇ ಬೇಡವೆಂದು ಹೊರಬಂದವರ ಸಂತತಿ ಕಾಂಗ್ರಿಗೇಷನಲಿಸ್ಟರದು; ಶಿಶುಗಳಿಗೆ ದೀಕ್ಷಾಸ್ನಾನ ಸಲ್ಲದೆಂಬುದು ಬ್ಯಾಪ್ಟಿಸ್ಟರ ನಿಲುವು. ಒಬ್ಬರ ಪ್ರಭುಭೋಜನದಲ್ಲಿ, ಅಂದರೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯಲ್ಲಿ, ಇನ್ನೊಬ್ಬರು ಕೂರುವಂತಿರಲಿಲ್ಲ. ಪರಸ್ಪರ ಪೈಪೋಟಿ ಬೇಡವೆಂದು ಅವರು ಕಂಡುಕೊಂಡ ಉಪಾಯ ಸೀಮೆ ಹಂಚಿಕೆ. ಕನ್ನಡ ನಾಡಿನಲ್ಲಿ ಅದರ ಗುರುತು ಇಂದಿಗೂ ಅಳಿದಿಲ್ಲ: ಬಳ್ಳಾರಿ, ಬೆಂಗಳೂರು, ಚಿಕ್ಕಬಳ್ಳಾಪುರ ಲಂಡನ್ ಮಿಷನ್ನಿಗೆ, ಮೈಸೂರು, ತುಮಕೂರು, ಹಾಸನ ವೆಸ್ಲಿಯನ್ನರಿಗೆ (ಬ್ರಿಟಿಷ್ ಮೆಥಡಿಸ್ಟರಿಗೆ), ಮಂಗಳೂರು, ಉಡುಪಿ, ಧಾರವಾಡ, ಗದಗ ಬಾಸೆಲ್ ಮಿಷನ್ನಿಗೆ, ಕೋಲಾರ, ಬೀದರ್, ಬೆಳಗಾವಿ ಅಮೆರಿಕನ್ ಮೆಥಡಿಸ್ಟರಿಗೆ. ಒಂದು ಊರಿನ ಕ್ರೈಸ್ತನು ಯಾವ ಪಂಗಡದವನು ಎಂಬುದು ಅವನ ನಂಬಿಕೆಗಿಂತ ಹೆಚ್ಚಾಗಿ ಅವನ ಅಜ್ಜ ಯಾವ ತಾಲ್ಲೂಕಿನಲ್ಲಿ ಹುಟ್ಟಿದ ಎಂಬುದರಿಂದ ತೀರ್ಮಾನವಾಯಿತು.

ಸೀಮೆ ಹಂಚಿಕೆ ಜಗಳ ತಪ್ಪಿಸಿತು, ಆದರೆ ಅದನ್ನು ಸಹಕಾರ ಎನ್ನಲಾಗದು. ನಿಜವಾದ ಸಹಕಾರ ಬೇಕಾಗಿ ಬಂದದ್ದು ಒಂದು ಮಿಷನ್ನಿಂದ ಆಗದ ಕೆಲಸಗಳಲ್ಲಿ, ಅವುಗಳಲ್ಲಿ ಮೊದಲಿನದು ಕನ್ನಡ ಬೈಬಲ್. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮುಖ್ಯವಾಗಿ ದುಡಿದ ಅನುವಾದ 1830ರ ದಶಕದ ಆರಂಭದಲ್ಲಿ ಪೂರ್ಣವಾಗಿ ಹೊರಬಂದಿತು; ಅದನ್ನು ತಿದ್ದುವ ಹೊತ್ತಿಗೆ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್, ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗಲ್ ಮೊದಲಾದ ಬೇರೆ ಬೇರೆ ಮಿಷನ್‌ಗಳವರು ಆ ಕೆಲಸಕ್ಕೆ ಕೈಹಾಕಿದರು. ಒಂದೊಂದು ಪಂಗಡವೂ ತನ್ನದೇ ಕನ್ನಡ ಬೈಬಲ್ ಮಾಡಿಕೊಳ್ಳುವಷ್ಟು ಹಣವೂ ಪಂಡಿತರೂ ಯಾರ ಬಳಿಯೂ ಇರಲಿಲ್ಲ. ಉಪದೇಶಿಗಳ ತರಬೇತಿಯ ವಿಷಯದಲ್ಲೂ ಹೀಗೆಯೇ ಆಯಿತು. 1910ರಲ್ಲಿ ಬೆಂಗಳೂರಿನಲ್ಲಿ ಹಲವು ಮಿಷನ್‌ಗಳು ಕೂಡಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ತೆರೆದವು. ಕನ್ನಡದಲ್ಲಿ ಕಲಿಸಲು ತುಮಕೂರಿನಲ್ಲಿ ಯೂನಿಯನ್ ಕೆನರೀಸ್ ಸೆಮಿನರಿ ನಡೆಯಿತು, ಅದು 1965ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಹಳೆಯ ಸೆಮಿನರಿಯೊಂದಿಗೆ ಕೂಡಿಕೊಂಡು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು.

ವೈದ್ಯ ಸೇವೆಯಲ್ಲಿ ಈ ಅಗತ್ಯ ಇನ್ನೂ ತೀವ್ರವಾಗಿತ್ತು. ಗುಡಿಸಲಿನಲ್ಲಿ ಶಾಲೆ ನಡೆಸಬಹುದು, ಮರದ ಕೆಳಗೆ ಬೋಧಿಸಬಹುದು; ಶಸ್ತ್ರಚಿಕಿತ್ಸೆಗೆ, ಹೆರಿಗೆಗೆ, ತಿಂಗಳುಗಟ್ಟಲೆ ಆರೈಕೆ ಬೇಡುವ ಕ್ಷಯಕ್ಕೆ ಹಾಗೆ ನಡೆಯದು. ಆಂಧ್ರದ ಮದನಪಲ್ಲಿಯ ಬಳಿ ಆರೋಗ್ಯವರಂ ಎಂಬಲ್ಲಿರುವ ಕ್ಷಯ ಆಸ್ಪತ್ರೆಯ ಹಳೆಯ ಹೆಸರೇ ಯೂನಿಯನ್ ಮಿಷನ್ ಸ್ಯಾನಟೋರಿಯಂ. ಡೆನ್ಮಾರ್ಕಿನ ವೈದ್ಯ ಕ್ರಿಶ್ಚಿಯನ್ ಫ್ರಿಮೊಟ್ ಮೊಲ್ಲರ್ ಅವರ ನೇತೃತ್ವದಲ್ಲಿ 1912ರಲ್ಲಿ ಆರಂಭವಾಗಿ 1915ರಲ್ಲಿ ಈಗಿನ ಜಾಗಕ್ಕೆ ಬಂದ ಆ ಆಸ್ಪತ್ರೆಯನ್ನು ಹಲವು ಮಿಷನ್‌ಗಳು ಪಾಲು ಹಾಕಿಕೊಂಡು ನಡೆಸಿದವು. ಕ್ಷಯಕ್ಕೆ ಔಷಧಿಯೇ ಇಲ್ಲದ ಕಾಲ ಅದು. ವಿಶ್ರಾಂತಿ, ಒಣ ಹವೆ, ಒಳ್ಳೆಯ ಊಟ, ವರ್ಷಗಟ್ಟಲೆ ದಾದಿಯರ ಆರೈಕೆ, ಇವಿಷ್ಟೇ ಚಿಕಿತ್ಸೆ. ಇಂಥ ಖರ್ಚನ್ನು ಒಂದೇ ಮಿಷನ್ ಹೊರುವುದು ಆಗದ ಮಾತು.

ವೆಲ್ಲೂರಿನ ಕಥೆ ಒಂದೇ ಮಿಷನ್ನಿನ ಒಂದೇ ಕುಟುಂಬದಿಂದ ಆರಂಭವಾಗುತ್ತದೆ. ಅಮೆರಿಕದ ರಿಫಾರ್ಮ್ಡ್ ಸಭೆಯ ಆರ್ಕಾಟ್ ಮಿಷನ್ನಿನಲ್ಲಿ ಸ್ಕಡರ್ ಮನೆತನದವರು ವೈದ್ಯ ಮಿಷನರಿಗಳಾಗಿದ್ದರು. ಆ ಮನೆಯಲ್ಲಿ 1870ರ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಹುಟ್ಟಿದ ಐಡಾ ಸೋಫಿಯಾ ಸ್ಕಡರ್‌ಗೆ ಭಾರತದಲ್ಲಿ ಉಳಿಯುವ ಮನಸ್ಸಿರಲಿಲ್ಲ. ತಿಂಡಿವನಂನಲ್ಲಿ ತಂದೆಯ ಮನೆಯಲ್ಲಿದ್ದ ಒಂದು ರಾತ್ರಿ ಮೂವರು ಗಂಡಸರು ಒಬ್ಬರಾದ ಮೇಲೊಬ್ಬರು ಬಾಗಿಲಿಗೆ ಬಂದರು. ಒಬ್ಬ ಬ್ರಾಹ್ಮಣ, ಒಬ್ಬ ಮುಸ್ಲಿಂ, ಇನ್ನೊಬ್ಬ ಮೇಲುಜಾತಿಯ ಹಿಂದೂ. ಮೂವರ ಹೆಂಡತಿಯರೂ ಹೆರಿಗೆಯ ನೋವಿನಲ್ಲಿದ್ದರು. ಗಂಡಸು ವೈದ್ಯ ತಮ್ಮ ಹೆಂಗಸರನ್ನು ಮುಟ್ಟುವಂತಿಲ್ಲ, ನೀವೇ ಬರಬೇಕು ಎಂದು ಅವರು ಐಡಾಳನ್ನು ಕೇಳಿದರು. ವೈದ್ಯ ವಿದ್ಯೆ ಆಕೆಗೆ ತಿಳಿದಿರಲಿಲ್ಲ. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಆಕೆ ಹಲವು ಬಾರಿ ಹೇಳಿದ ಈ ಘಟನೆಯಲ್ಲಿ ನನ್ನ ಗಮನ ಸೆಳೆಯುವುದು ಬಾಗಿಲು ತಟ್ಟಿದವರಲ್ಲಿ ಒಬ್ಬರೂ ಕ್ರೈಸ್ತರಿರಲಿಲ್ಲ ಎಂಬುದು. ಯಾರ ಸೇವೆಗಾಗಿ ಎಂಬ ಪ್ರಶ್ನೆಗೆ ಮೊದಲ ರಾತ್ರಿಯೇ ಉತ್ತರ ಸಿಕ್ಕಂತಾಯಿತು.

ಕಾರ್ನೆಲ್ ವೈದ್ಯ ಕಾಲೇಜಿನಿಂದ 1899ರಲ್ಲಿ ಪದವಿ ಪಡೆದು 1900ರಲ್ಲಿ ಹಿಂತಿರುಗಿದ ಐಡಾ ಒಂದು ಹಾಸಿಗೆಯಿಂದ ಚಿಕಿತ್ಸೆ ಆರಂಭಿಸಿದರು. ನ್ಯೂಯಾರ್ಕಿನ ಶೆಲ್ ಎಂಬ ಬ್ಯಾಂಕರ್ ತಮ್ಮ ಪತ್ನಿಯ ನೆನಪಿಗೆ ಕೊಟ್ಟ ಹತ್ತು ಸಾವಿರ ಡಾಲರಿನಿಂದ 1902ರಲ್ಲಿ ನಲವತ್ತು ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆ ಎದ್ದಿತು. ವಾರದ ಗೊತ್ತಾದ ದಿನಗಳಲ್ಲಿ ಗಾಡಿ ಕಟ್ಟಿಕೊಂಡು ಹಳ್ಳಿದಾರಿಯ ಮರದಡಿಗಳಲ್ಲಿ ನಿಂತು ಮದ್ದು ಕೊಡುವ ರೂಢಿಯೂ ಆಗಲೇ ಬೆಳೆಯಿತು. 1909ರಲ್ಲಿ ದಾದಿಯರ ತರಬೇತಿ ಸೇರಿಕೊಂಡಿತು. ಇಲ್ಲಿಯವರೆಗೆ ರಿಫಾರ್ಮ್ಡ್ ಸಭೆಯೊಂದೇ ಸಾಕಾಗಿತ್ತು. ಆದರೆ ಒಬ್ಬ ವೈದ್ಯೆ ಎಷ್ಟು ಹೆರಿಗೆ ಮಾಡಿಸಿಯಾಳು? ಊರೂರಿಗೂ ಹೆಣ್ಣು ಡಾಕ್ಟರುಗಳು ಬೇಕಾದರೆ ಹೆಣ್ಣುಮಕ್ಕಳಿಗೆಂದೇ ವೈದ್ಯ ಶಾಲೆ ಬೇಕು. ಶಾಲೆಗೆ ಅಂಗರಚನೆ ಕಲಿಸುವವರು, ಪ್ರಯೋಗಶಾಲೆ, ವಿದ್ಯಾರ್ಥಿನಿಲಯ, ಸರ್ಕಾರದ ಮಾನ್ಯತೆ ಬೇಕು. ಜೊತೆಗೆ ಕಲಿಯಲು ಬರುವ ಹುಡುಗಿಯರನ್ನು ಇಡೀ ದಕ್ಷಿಣದ ಮಿಷನ್ ಶಾಲೆಗಳಿಂದ ಹುಡುಕಿ ತರಬೇಕು. ಆರ್ಕಾಟ್ ಮಿಷನ್ನಿನ ಸೀಮೆಯೊಳಗೆ ಇದು ಮುಗಿಯುವ ಕೆಲಸವಾಗಿರಲಿಲ್ಲ.

ಇದಕ್ಕೆ ಮಾದರಿಯೊಂದು ಉತ್ತರದಲ್ಲಿ ಆಗಲೇ ಇತ್ತು. ಲೂಧಿಯಾನದಲ್ಲಿ 1894ರಲ್ಲಿ ಈಡಿತ್ ಬ್ರೌನ್ ಬೇರೆ ಬೇರೆ ಮಿಷನ್‌ಗಳ ಮಹಿಳಾ ವೈದ್ಯರನ್ನು ಕೂಡಿಸಿಕೊಂಡು ಕ್ರೈಸ್ತ ಹೆಣ್ಣುಮಕ್ಕಳಿಗಾಗಿ ವೈದ್ಯ ಶಾಲೆಯೊಂದನ್ನು ತೆರೆದಿದ್ದರು. 1905ರಲ್ಲಿ ವೈದ್ಯ ಮಿಷನರಿಗಳ ಸಂಘವೂ ಹುಟ್ಟಿತ್ತು. ಅದೇ ಮುಂದೆ ಭಾರತದ ಕ್ರೈಸ್ತ ವೈದ್ಯಕೀಯ ಸಂಘವಾಯಿತು. 1910ರಲ್ಲಿ ಎಡಿನ್‌ಬರೋದಲ್ಲಿ ಸೇರಿದ ಜಾಗತಿಕ ಮಿಷನರಿ ಸಮ್ಮೇಳನ ಪಂಗಡಗಳ ನಡುವಣ ಸಹಕಾರವನ್ನು ಮುಖ್ಯ ವಿಷಯವಾಗಿ ಎತ್ತಿಕೊಂಡಿತು. ದಕ್ಷಿಣ ಭಾರತದ ಆಂಗ್ಲಿಕನ್ ಪಾದ್ರಿ ವಿ.ಎಸ್. ಅಜರಯ್ಯ ಅದೇ ಸಮ್ಮೇಳನದಲ್ಲಿ ನಿಂತು, ನೀವು ಹಣ ಕೊಟ್ಟಿರಿ, ಪ್ರಾಣ ಕೊಟ್ಟಿರಿ, ನಮಗೆ ಬೇಕಾದದ್ದು ಸ್ನೇಹ ಎಂಬ ಅರ್ಥದ ಮಾತು ಹೇಳಿದರು. ಬಿಳಿಯ ಮಿಷನರಿಗಳಿಗೂ ಭಾರತೀಯ ಸಹೋದ್ಯೋಗಿಗಳಿಗೂ ನಡುವೆ ಇದ್ದ ಅಂತರವನ್ನು ಸಮ್ಮೇಳನದ ಮುಂದೆಯೇ ಹೇಳಿದ ಮಾತು ಅದು. ಪಂಗಡಗಳ ಗೋಡೆಯ ಬಗ್ಗೆ ಮಾತನಾಡುವಾಗ ಆ ಇನ್ನೊಂದು ಗೋಡೆಯನ್ನು ಮರೆಯುವಂತಿಲ್ಲ.

ಮೊದಲ ಮಹಾಯುದ್ಧ ಇನ್ನೂ ಮುಗಿದಿರದ 1918ರ ಆಗಸ್ಟ್ 12ರಂದು ಮದ್ರಾಸ್ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ವೆಲ್ಲೂರಿನ ಮಹಿಳಾ ಮಿಷನರಿ ವೈದ್ಯ ಶಾಲೆಯನ್ನು ಉದ್ಘಾಟಿಸಿದರು. ಹದಿನೇಳು ಹುಡುಗಿಯರು ಸೇರಿದರು. ಮೊದಲ ವರ್ಷದ ಪರೀಕ್ಷೆಗೆ ಕುಳಿತ ಹದಿನಾಲ್ವರೂ ತೇರ್ಗಡೆಯಾದಾಗ, ಗಂಡಸರ ಶಾಲೆಗಳಲ್ಲಿ ಹೆಚ್ಚಿನವರು ನಪಾಸಾಗುತ್ತಿದ್ದ ಪ್ರಾಂತದಲ್ಲಿ ಅದು ದೊಡ್ಡ ಸುದ್ದಿಯಾಯಿತು. ಶಾಲೆಯ ಹಿಂದೆ ನಿಂತದ್ದು ಅಮೆರಿಕ ಮತ್ತು ಬ್ರಿಟನ್ನಿನ ಹಲವು ಪಂಗಡಗಳ ಮಹಿಳಾ ಮಿಷನರಿ ಮಂಡಳಿಗಳು. ಈ ಮಹಿಳಾ ಮಂಡಳಿಗಳ ಪಾತ್ರವನ್ನು ಸಭೆಗಳ ಇತಿಹಾಸ ಬರೆಯುವವರು ಒಂದು ಸಾಲಿನಲ್ಲಿ ಮುಗಿಸಿಬಿಡುವುದುಂಟು, ಅದು ಅನ್ಯಾಯ. ಸಭೆಯ ಆಡಳಿತದಲ್ಲಾಗಲಿ ಬೋಧನಾ ಪೀಠದಲ್ಲಾಗಲಿ ಸ್ಥಾನವಿಲ್ಲದ ಹೆಂಗಸರು ದೈವಶಾಸ್ತ್ರದ ವಾದಗಳಲ್ಲಿ ಸಿಕ್ಕಿಕೊಳ್ಳದೆ ಪಂಗಡ ದಾಟಿ ಕೈಜೋಡಿಸಿದರು. ಲೂಸಿ ಪೀಬಾಡಿ ಎಂಬ ಬ್ಯಾಪ್ಟಿಸ್ಟ್ ಮಹಿಳೆ ಮುಂದಾಳಾಗಿ ಏಷ್ಯಾದ ಏಳು ಮಹಿಳಾ ಕಾಲೇಜುಗಳಿಗಾಗಿ ಒಟ್ಟಿಗೆ ಹಣ ಎತ್ತಿದರು. ನೀವು ಇಪ್ಪತ್ತು ಲಕ್ಷ ಡಾಲರ್ ಕೂಡಿಸಿದರೆ ನಾವು ಹತ್ತು ಲಕ್ಷ ಕೊಡುತ್ತೇವೆ ಎಂದು ರಾಕ್‌ಫೆಲರ್ ನಿಧಿಯೊಂದು ಷರತ್ತು ಹಾಕಿದಾಗ ಆ ಷರತ್ತನ್ನು ಪೂರೈಸಿದವರು ಅವರೇ. ಆ ಏಳರಲ್ಲಿ ವೆಲ್ಲೂರೂ ಇತ್ತು, 1915ರಲ್ಲಿ ಹಲವು ಮಿಷನ್‌ಗಳು ಕೂಡಿ ತೆರೆದ ಮದ್ರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜೂ ಇತ್ತು.

ಕೂಡಿಕೆಯ ಕ್ರಮ ಸರಳವಾಗಿತ್ತು. ಸೇರುವ ಮಿಷನ್ ಹಣವನ್ನೋ ಸಿಬ್ಬಂದಿಯನ್ನೋ ಕೊಡಬೇಕು. ಕೊಟ್ಟವರಿಗೆ ಆಡಳಿತ ಮಂಡಳಿಯಲ್ಲಿ ಸ್ಥಾನ. ಅವರ ಸೀಮೆಯಿಂದ ಬಂದ ಹುಡುಗಿಯರಿಗೆ ಶಿಕ್ಷಣ. ಕಲಿತು ಮುಗಿಸಿದವರು ಹಿಂತಿರುಗಿ ತಮ್ಮನ್ನು ಕಳುಹಿಸಿದ ಮಿಷನ್ನಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು. ಬಿಷಪ್ಪರು ಬೇಕೋ ಬೇಡವೋ ಎಂಬುದನ್ನು ಯಾರೂ ಅಲ್ಲಿ ತೀರ್ಮಾನಿಸಬೇಕಾಗಿರಲಿಲ್ಲ. ನನ್ನ ದೃಷ್ಟಿಯಲ್ಲಿ ವೆಲ್ಲೂರು ಬಾಳಿ ಬಂದದ್ದಕ್ಕೆ ಇದೇ ಮುಖ್ಯ ಕಾರಣ. ಸದ್ಭಾವನೆಯಿಂದ ಕೂಡಿದವರು ಮನಸ್ತಾಪ ಬಂದಾಗ ಬಿಟ್ಟುಹೋಗುತ್ತಾರೆ, ಆದರೆ ಉಡುಪಿಯ ಅಥವಾ ನೆಲ್ಲೂರಿನ ಆಸ್ಪತ್ರೆಗೆ ಮುಂದಿನ ವರ್ಷ ಡಾಕ್ಟರು ವೆಲ್ಲೂರಿನಿಂದಲೇ ಬರಬೇಕಾಗಿದ್ದಾಗ ಬಿಟ್ಟುಹೋಗುವುದು ಸುಲಭವಲ್ಲ.

ಈ ಏರ್ಪಾಡು ಮುರಿದು ಬೀಳುವ ಸಂದರ್ಭ 1930ರ ದಶಕದ ಕೊನೆಯಲ್ಲಿ ಬಂದಿತು. ಆವರೆಗೆ ವೆಲ್ಲೂರಿನಲ್ಲಿ ಕೊಡುತ್ತಿದ್ದುದು ಎಲ್‌ಎಂಪಿ ಎಂಬ ಲೈಸೆನ್ಸ್ ಮಟ್ಟದ ಅರ್ಹತೆ. ಇನ್ನು ಮುಂದೆ ವಿಶ್ವವಿದ್ಯಾಲಯದ ಎಂಬಿಬಿಎಸ್ ಪದವಿಯೊಂದೇ ಸಲ್ಲುತ್ತದೆ ಎಂದು ಮದ್ರಾಸ್ ಸರ್ಕಾರ ನಿರ್ಧರಿಸಿತು. ನಿರ್ಧಾರ ತಪ್ಪಾಗಿರಲಿಲ್ಲ; ರೋಗಿಗಳಿಗೆ ಒಳ್ಳೆಯ ಡಾಕ್ಟರು ಬೇಕೆಂಬುದೇ ಅದರ ಉದ್ದೇಶವಾಗಿತ್ತು. ಆದರೆ ವೆಲ್ಲೂರಿಗೆ ಅದು ಬಾಗಿಲು ಮುಚ್ಚುವ ನೋಟಿಸಿನಂತೆ ಬಂದಿತು. ಪದವಿ ಕಾಲೇಜಿಗೆ ಬೇಕಾದ ಹಾಸಿಗೆಗಳು, ಉನ್ನತ ಅರ್ಹತೆಯ ಅಧ್ಯಾಪಕರು, ಕಟ್ಟಡಗಳು ಎಲ್ಲವೂ ಹಲವು ಪಟ್ಟು ಹೆಚ್ಚಬೇಕಾಗಿತ್ತು. ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಐಡಾ ಸ್ಕಡರ್ ಅಮೆರಿಕದ ಊರೂರು ಅಲೆದು ಹಣ ಬೇಡಿದರು. ಇನ್ನಷ್ಟು ಸಭೆಗಳನ್ನು ಒಳಗೆ ತರದೆ ದಾರಿಯಿರಲಿಲ್ಲ. ಹೊಸದಾಗಿ ಬರುವವರು ಗಂಡಸರಿಗೂ ಪ್ರವೇಶ ಕೊಡಬೇಕೆಂದು ಬಯಸಿದರು. ಹೆಣ್ಣುಮಕ್ಕಳಿಗೆಂದೇ ಹಣ ಕೊಟ್ಟ ಹಳೆಯ ಬೆಂಬಲಿಗರಿಗೆ, ಲೂಸಿ ಪೀಬಾಡಿಯವರಿಗೂ ಸಹ, ಇದು ನಂಬಿಕೆ ಕೆಡಿಸಿದಂತೆ ಕಂಡಿತು. ಅವರ ನೋವು ಸಕಾರಣವಾದದ್ದು ಎಂದೇ ನನಗನ್ನಿಸುತ್ತದೆ. ಆದರೂ ಹೆಣ್ಣುಮಕ್ಕಳ ಶಾಲೆಯಾಗಿಯೇ ಮುಚ್ಚಿಹೋಗುವುದಕ್ಕಿಂತ ಎಲ್ಲರ ಕಾಲೇಜಾಗಿ ಉಳಿಯುವುದನ್ನು ಐಡಾ ಆರಿಸಿಕೊಂಡರು. 1942ರಲ್ಲಿ ಎಂಬಿಬಿಎಸ್ ತರಗತಿಗೆ ಮದ್ರಾಸ್ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯಿತು. 1947ರಲ್ಲಿ ಮೊದಲ ಬಾರಿ ಗಂಡುಹುಡುಗರು ಸೇರಿದರು. ಅದೇ ಹೊತ್ತಿಗೆ ವೈದ್ಯೆ ಹಿಲ್ಡಾ ಲಾಜರಸ್ ಅವರ ನೇಮಕದಿಂದ ಸಂಸ್ಥೆಯ ಚುಕ್ಕಾಣಿ ಭಾರತೀಯರ ಕೈಗೆ ಬಂದಿತು.

ಕೂಡಿದ ಕೈಗಳಿಂದ ಏನಾಯಿತೆಂಬುದಕ್ಕೆ ಕುಷ್ಠರೋಗದ ಕೆಲಸವೇ ಸಾಕ್ಷಿ. 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಸೆಟೆದು ಮಡಚಿಹೋದ ಕುಷ್ಠರೋಗಿಯ ಬೆರಳುಗಳನ್ನು ಸ್ನಾಯುರಜ್ಜು ಬದಲಾಯಿಸಿ ಮತ್ತೆ ಕೆಲಸಕ್ಕೆ ಬರುವಂತೆ ಮಾಡುವ ಶಸ್ತ್ರಚಿಕಿತ್ಸೆಯನ್ನು ವೆಲ್ಲೂರಿನಲ್ಲಿ ಬೆಳೆಸಿದರು. ಬೆರಳು ಉದುರುವುದು ರೋಗ ತಿನ್ನುವುದರಿಂದಲ್ಲ, ಸ್ಪರ್ಶಜ್ಞಾನ ಸತ್ತ ಕೈಗೆ ಸುಟ್ಟರೂ ಕೊಯ್ದರೂ ನೋವು ತಿಳಿಯದೆ ಗಾಯ ಬೆಳೆಯುವುದರಿಂದ ಎಂಬುದನ್ನು ತೋರಿಸಿಕೊಟ್ಟವರು ಅವರು. 1955ರಲ್ಲಿ ಹತ್ತಿರದ ಕಾರಿಗಿರಿಯಲ್ಲಿ ಕುಷ್ಠ ಸಂಶೋಧನಾ ಕೇಂದ್ರವೇ ಆರಂಭವಾಯಿತು. ಕುಷ್ಠರೋಗಿಯನ್ನು ಸಾಮಾನ್ಯ ಆಸ್ಪತ್ರೆಯ ಹಾಸಿಗೆಗೆ ಸೇರಿಸಲು ಎಲ್ಲೆಡೆ ಹಿಂಜರಿಯುತ್ತಿದ್ದ ಕಾಲದಲ್ಲಿ ಆ ಕೆಲಸಕ್ಕೆ ಹಣವೂ ಜನರೂ ಬಂದದ್ದು ಹಲವು ಪಂಗಡಗಳ ಹಲವು ದೇಶಗಳಿಂದ. ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾಗದೆ ಹೋದ ವೈದ್ಯೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲಿ ಕುಳಿತೇ ರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಮುಂದೆ ಪುನರ್ವಸತಿ ವಿಭಾಗವನ್ನು ಕಟ್ಟಿದರು.

ಇದೇ ಕಾಲದಲ್ಲಿ ಸಭೆಗಳು ಒಂದಾಗುವ ಇನ್ನೊಂದು ದಾರಿಯೂ ಗುರಿ ಮುಟ್ಟಿತು. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಅಜರಯ್ಯನವರೂ ಸೇರಿ ಮೂವತ್ತಮೂರು ಮಂದಿ, ಇಬ್ಬರ ಹೊರತು ಎಲ್ಲರೂ ಭಾರತೀಯರೇ, ನಾವು ಮಾಡಿಕೊಳ್ಳದ ವಿಭಜನೆಗಳು ನಮ್ಮನ್ನು ದುರ್ಬಲಗೊಳಿಸಿವೆ ಎಂದು ಹೇಳಿಕೆ ಹೊರಡಿಸಿದರು. ಇಪ್ಪತ್ತೆಂಟು ವರ್ಷಗಳ ಮಾತುಕತೆಯ ನಂತರ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಆಂಗ್ಲಿಕನ್ನರ ನಾಲ್ಕು ಡಯಾಸಿಸ್‌ಗಳು (ಒಬ್ಬೊಬ್ಬ ಬಿಷಪ್ಪರ ಆಡಳಿತದ ಪ್ರಾಂತಗಳು), ಬ್ರಿಟಿಷ್ ಮೆಥಡಿಸ್ಟರ ದಕ್ಷಿಣದ ಜಿಲ್ಲೆಗಳು, ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೀರಿಯನ್ ಮೂಲದವರು 1908ರಲ್ಲೇ ಕೂಡಿ ಮಾಡಿಕೊಂಡಿದ್ದ ದಕ್ಷಿಣ ಭಾರತ ಸಂಯುಕ್ತ ಸಭೆ, ಈ ಮೂರೂ ಒಂದಾದವು. ಬಿಷಪ್ಪರನ್ನು ಒಪ್ಪುವ ಮತ್ತು ಒಪ್ಪದ ಪರಂಪರೆಗಳು ಹೀಗೆ ಒಂದೇ ಸಭೆಯಾದದ್ದು ಕ್ರೈಸ್ತ ಜಗತ್ತಿನಲ್ಲೇ ಹೊಸತು. ಹಳೆಯ ಪಾಸ್ಟರುಗಳಿಗೆ ಮತ್ತೆ ದೀಕ್ಷೆ ಬೇಡ, ಮುಂದಿನವರಿಗೆ ಬಿಷಪ್ಪರೇ ದೀಕ್ಷೆ ಕೊಡಲಿ ಎಂಬ ರಾಜಿ ಅದನ್ನು ಸಾಧ್ಯವಾಗಿಸಿತು. ಮೈಸೂರು ಡಯಾಸಿಸ್ಸಿಗೆ ಮೆಥಡಿಸ್ಟ್ ಹಿನ್ನೆಲೆಯ ಪಿ. ಗುರುಶಾಂತ ಮೊದಲ ಬಿಷಪ್ಪರಾದರು. ವೆಸ್ಲಿಯನ್ನರು 1906ರಲ್ಲಿ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಲಂಡನ್ ಮಿಷನ್ನಿನ ಚಿಕ್ಕಬಳ್ಳಾಪುರದ ಆಸ್ಪತ್ರೆಯೂ ಒಂದೇ ಸಭೆಯ ಆಸ್ಪತ್ರೆಗಳಾದವು.

ಹಾಗಿದ್ದರೂ ಒಳಬಂದವರಷ್ಟೇ ಹೊರಗೂ ಉಳಿದರು. ಲೂಥರನ್ನರು ಸೇರಲಿಲ್ಲ, ಬ್ಯಾಪ್ಟಿಸ್ಟರು ಸೇರಲಿಲ್ಲ, ಅಮೆರಿಕನ್ ಮೆಥಡಿಸ್ಟರು ಸೇರಲಿಲ್ಲ. ಹೀಗಾಗಿ ಕೋಲಾರದ ಮೆಥಡಿಸ್ಟರ ಇಟಿಸಿಎಂ ಆಸ್ಪತ್ರೆ ಒಂದು ಸಭೆಯದು, ಚಿಕ್ಕಬಳ್ಳಾಪುರದ ಆಸ್ಪತ್ರೆ ಇನ್ನೊಂದು ಸಭೆಯದು. ವೆಲ್ಲೂರಿನ ಮಂಡಳಿಯ ಮೇಜಿನ ಸುತ್ತ ಮಾತ್ರ ಒಳಗಿನವರೂ ಹೊರಗಿನವರೂ ಒಟ್ಟಿಗೆ ಕುಳಿತರು. ಸಭೆಗಳ ವಿಲೀನವನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನ್ನದಲ್ಲ. ಆದರೆ ವಿಲೀನವೆಂದರೆ ಆಸ್ತಿಯೂ ಅಧಿಕಾರವೂ ಒಂದೆಡೆ ಸೇರುವುದು, ಅವುಗಳಿಗಾಗಿ ಚುನಾವಣೆ, ವ್ಯಾಜ್ಯ ಹುಟ್ಟುವುದು. ಸಿಎಸ್‌ಐನ ಅತ್ಯುನ್ನತ ಮಂಡಳಿಯಾದ ಸಿನಡ್‌ನ ಆಡಳಿತದ ವಿವಾದ ನ್ಯಾಯಾಲಯದವರೆಗೂ ಹೋಗಿ, 2024ರಲ್ಲಿ ಮದ್ರಾಸ್ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿಗಳನ್ನು ಆಡಳಿತಗಾರರನ್ನಾಗಿ ನೇಮಿಸುವ ಸ್ಥಿತಿ ಬಂದದ್ದು ಆ ಸಭೆಯನ್ನು ಪ್ರೀತಿಸುವ ಎಲ್ಲರಿಗೂ ನೋವಿನ ವಿಷಯ.

ಕ್ಯಾಥೊಲಿಕ್ ಸಭೆ ಬಹುಕಾಲ ಈ ಎಲ್ಲದರಿಂದ ದೂರವಿದ್ದು ತನ್ನದೇ ದೊಡ್ಡ ಜಾಲ ಕಟ್ಟಿಕೊಂಡಿತು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆ 1886ರದು, ಸೇಂಟ್ ಜಾನ್ಸ್ ವೈದ್ಯ ಕಾಲೇಜು 1963ರದು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವೇ ಪ್ರೊಟೆಸ್ಟೆಂಟರೊಂದಿಗೆ ಒಡನಾಟ ಸಲೀಸಾಯಿತು. 2020ರ ಮಾರ್ಚಿನಲ್ಲಿ ಕೊರೊನಾ ಹರಡತೊಡಗಿದಾಗ ಎರಡೂ ಕಡೆಯ ಆಸ್ಪತ್ರೆ ಸಂಘಗಳ ಕೂಟವೊಂದು ಪ್ರಧಾನಮಂತ್ರಿಗೆ ಪತ್ರ ಬರೆದು, ಒಂದು ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳ ಅರವತ್ತು ಸಾವಿರ ಹಾಸಿಗೆಗಳನ್ನು ಸರ್ಕಾರದ ಬಳಕೆಗೆ ಒಡ್ಡಿತು.

ಅರವತ್ತು ಸಾವಿರ ಹಾಸಿಗೆಗಳಲ್ಲಿ ಬಹಳಷ್ಟು ಸಣ್ಣ ಊರುಗಳಲ್ಲಿವೆ. ಹಾಸಿಗೆಯ ಪಕ್ಕ ನಿಲ್ಲುವ ಡಾಕ್ಟರು ಎಲ್ಲಿಂದ ಬರಬೇಕು ಎಂಬಲ್ಲಿ ನಮ್ಮ ಇಂದಿನ ಪ್ರಶ್ನೆ ಎದುರಾಗುತ್ತದೆ. 1918ರ ಸರಳ ಏರ್ಪಾಡು ಕಾಲಕ್ರಮದಲ್ಲಿ ಸ್ಪಾನ್ಸರ್‌ಶಿಪ್ ಎಂಬ ಗಟ್ಟಿ ಪದ್ಧತಿಯಾಯಿತು. ಸದಸ್ಯ ಸಭೆಯೊಂದು ವಿದ್ಯಾರ್ಥಿಯನ್ನು ಶಿಫಾರಸು ಮಾಡುತ್ತದೆ. ಕಾಲೇಜು ತನ್ನದೇ ಪ್ರವೇಶ ಪರೀಕ್ಷೆ ಮಾಡಿ, ಆಯ್ದವರನ್ನು ಕೆಲವು ದಿನ ಕ್ಯಾಂಪಸ್ಸಿನಲ್ಲಿ ಇರಿಸಿಕೊಂಡು, ಗುಂಪಿನಲ್ಲಿ ಕೆಲಸ ಕೊಟ್ಟು, ಮಾತನಾಡಿಸಿ ನೋಡುತ್ತಿತ್ತು. ಬೋಧನಾ ಶುಲ್ಕ ವರ್ಷಕ್ಕೆ ಕೆಲವೇ ಸಾವಿರ ರೂಪಾಯಿ. ಬದಲಿಗೆ ಪದವಿಯ ನಂತರ ಎರಡು ವರ್ಷ ತನ್ನನ್ನು ಕಳುಹಿಸಿದ ಸಭೆ ಹೇಳಿದ ಆಸ್ಪತ್ರೆಯಲ್ಲಿ ಸೇವೆ ಮಾಡಲೇಬೇಕು. ಹೀಗೆ ಛತ್ತೀಸಗಡದ, ಒಡಿಶಾದ, ಈಶಾನ್ಯ ರಾಜ್ಯಗಳ ಕಾಡಂಚಿನ ಆಸ್ಪತ್ರೆಗಳಿಗೆ ವರ್ಷ ವರ್ಷವೂ ಯುವ ವೈದ್ಯರು ಸಿಕ್ಕರು. ಕೆಲವರು ಎರಡು ವರ್ಷ ಮುಗಿದ ಮರುದಿನವೇ ಹೊರಟರು, ಕೆಲವರು ಅಲ್ಲೇ ಉಳಿದು ಮುಪ್ಪಾದರು.

ನೀಟ್ ಬಂದಾಗ ಕಾಲೇಜು ಈ ಆಯ್ಕೆ ಕ್ರಮವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಸರ್ಕಾರದ ಸೀಟು ಹಂಚಿಕೆಯ ಕೌನ್ಸೆಲಿಂಗ್ ಮೂಲಕ ಬಂದವರನ್ನಷ್ಟೇ ಸೇರಿಸಿಕೊಳ್ಳಬೇಕೆಂಬ ನಿಯಮವನ್ನು ವಿರೋಧಿಸಿ 2017ರಲ್ಲಿ ಎಂಬಿಬಿಎಸ್‌ನ ನೂರು ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿ ತೊಂಬತ್ತೊಂಬತ್ತನ್ನು ಖಾಲಿ ಬಿಟ್ಟಿತು. ವೈದ್ಯರ ಕೊರತೆಯ ದೇಶದಲ್ಲಿ ಒಂದು ವರ್ಷದ ಸೀಟುಗಳನ್ನು ಖಾಲಿ ಬಿಟ್ಟದ್ದು ಸರಿಯೇ ಎಂದು ಕೇಳುವವರಿಗೆ ನನ್ನ ಬಳಿ ಸಮಾಧಾನದ ಉತ್ತರವಿಲ್ಲ. ಸರ್ಕಾರದ ವಾದವೂ ಹುರುಳಿಲ್ಲದ್ದಲ್ಲ. ಕ್ಯಾಪಿಟೇಷನ್ ಶುಲ್ಕದ ಹೆಸರಿನಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ನಡೆದ ಸೀಟು ವ್ಯಾಪಾರವನ್ನು ನಾವೆಲ್ಲ ಕಂಡಿದ್ದೇವೆ. ಪ್ರತಿ ಕಾಲೇಜಿಗೂ ತನ್ನದೇ ಪರೀಕ್ಷೆ ನಡೆಸುವ ಅವಕಾಶವಿದ್ದರೆ ಪ್ರಾಮಾಣಿಕರ ಹೆಸರು ಹೇಳಿಕೊಂಡು ಅಪ್ರಾಮಾಣಿಕರೂ ನುಸುಳುತ್ತಾರೆ. ಶಿಕ್ಷಣದ ದುರಾಚಾರ ತಡೆಯಲು ಎಲ್ಲರಿಗೂ ಒಂದೇ ಪರೀಕ್ಷೆ ಬೇಕು, ಅಲ್ಪಸಂಖ್ಯಾತರ ಹಕ್ಕು ನಿಯಂತ್ರಣದಿಂದ ಹೊರತಾದುದಲ್ಲ ಎಂಬುದೇ ತೀರ್ಪಿನ ತಿರುಳು.

ತೀರ್ಪಿನ ನಂತರ ಸ್ಪಾನ್ಸರ್‌ಶಿಪ್ ಸಂಪೂರ್ಣ ಹೋಗಿಲ್ಲ. ಸಭೆಗಳ ಪಾಲಿನ ಸೀಟುಗಳಿವೆ, ಸೇವೆಯ ಕರಾರೂ ಇದೆ. ಆ ಪಟ್ಟಿಯೊಳಗೆ ಯಾರು ಎಂಬುದನ್ನು ನೀಟ್ ಅಂಕ ತೀರ್ಮಾನಿಸುತ್ತದೆ. ಹೊರನೋಟಕ್ಕೆ ಸಣ್ಣ ಬದಲಾವಣೆಯೆನಿಸುವ ಇದು ಪದ್ಧತಿಯ ನಡುಗಂಬಕ್ಕೇ ತಾಗಿದೆ ಎಂಬುದು ನನ್ನ ಅಭಿಪ್ರಾಯ. ನೀಟ್ ತಯಾರಿಗೆ ವರ್ಷಗಟ್ಟಲೆ ಕೋಚಿಂಗ್ ಬೇಕು, ಕೋಚಿಂಗಿಗೆ ನಗರ ಬೇಕು, ಹಣ ಬೇಕು. ಕಾಡಂಚಿನ ಆಸ್ಪತ್ರೆಯ ಕಾಂಪೌಂಡಿನಲ್ಲೇ ಬೆಳೆದ ದಾದಿಯ ಮಗಳಿಗೂ ಮಹಾನಗರದ ಶ್ರೀಮಂತ ಸಭೆಯ ಸದಸ್ಯರ ಮಗನಿಗೂ ಒಂದೇ ಪಟ್ಟಿಯಲ್ಲಿ ಸ್ಪರ್ಧೆ ಇಟ್ಟರೆ ಯಾರು ಮೇಲೆ ಬರುತ್ತಾರೆ ಎಂಬುದು ಊಹೆಗೆ ಬಿಡುವಂಥದ್ದಲ್ಲ. ಹಳ್ಳಿಯ ಆಸ್ಪತ್ರೆಗೆ ಮರಳಿ ಅಲ್ಲೇ ನಿಲ್ಲುವವರು ಹೆಚ್ಚಾಗಿ ಹಳ್ಳಿಯಿಂದ ಬಂದವರೇ ಎಂಬುದು ಗ್ರಾಮೀಣ ವೈದ್ಯ ಸೇವೆಯಲ್ಲಿರುವವರ ಅನುಭವದ ಮಾತು. ನೀಟನ್ನು ಅರ್ಹತೆಯ ಕನಿಷ್ಠ ಮಟ್ಟವಾಗಿ ಇಟ್ಟುಕೊಂಡು, ಅದನ್ನು ದಾಟಿದವರೊಳಗೆ ಸೇವೆಯ ಒಲವನ್ನು ಬಹಿರಂಗವಾಗಿ, ಸರ್ಕಾರದ ಪ್ರತಿನಿಧಿಯ ಎದುರಿನಲ್ಲೇ ಅಳೆಯುವ ಅವಕಾಶ ಕೊಟ್ಟಿದ್ದರೆ ಸೀಟು ವ್ಯಾಪಾರವೂ ತಪ್ಪುತ್ತಿತ್ತು, ನೂರು ವರ್ಷದ ಕೊಂಡಿಯೂ ಉಳಿಯುತ್ತಿತ್ತು.

ಎರಡನೆಯ ಒತ್ತಡ ಹಣದ್ದು. ಹಲವು ಸಭೆಗಳು ಕೂಡಿ ಕೆಲಸ ಮಾಡುವಾಗ ಸಾಮಾನ್ಯವಾಗಿ ದೊಡ್ಡ ಸಂಸ್ಥೆಯೊಂದು ಹೊರಗಿನ ದಾನವನ್ನು ಪಡೆದು ಸಣ್ಣ ಆಸ್ಪತ್ರೆಗಳಿಗೆ ಹಂಚುತ್ತಿತ್ತು. ಸಣ್ಣವರ ಬಳಿ ಲೆಕ್ಕಪತ್ರ ನೋಡುವ ಸಿಬ್ಬಂದಿಯೂ ಇರುವುದಿಲ್ಲ, ವಿದೇಶದ ದಾನಿಗಳ ಪರಿಚಯವೂ ಇರುವುದಿಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರ ಸೆಪ್ಟೆಂಬರಿನಲ್ಲಿ ಆದ ತಿದ್ದುಪಡಿ, ಹೀಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ಸಂಪೂರ್ಣ ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ದೇಶ ವಿಭಜನೆಯ ನಿರಾಶ್ರಿತರ ನೆರವಿಗಾಗಿ 1947ರಲ್ಲಿ ಹುಟ್ಟಿ ಹಲವು ಪಂಗಡಗಳ ಪರವಾಗಿ ಬರ, ನೆರೆ, ಭೂಕಂಪಗಳಲ್ಲಿ ದುಡಿದ ಕಾಸಾ ಸಂಸ್ಥೆಯ ವಿದೇಶಿ ದೇಣಿಗೆ ಪಡೆಯುವ ನೋಂದಣಿ, ನಿಯಮ ಉಲ್ಲಂಘನೆಯ ಕಾರಣ ಕೊಟ್ಟು, 2024ರಲ್ಲಿ ರದ್ದಾಯಿತು. ವಿದೇಶಿ ಹಣದ ಮೇಲೆ ನಿಗಾ ಇಡುವುದು ಯಾವುದೇ ಸರ್ಕಾರದ ಹಕ್ಕು. ಆದರೆ ಹಂಚುವುದನ್ನೇ ತಡೆದರೆ ಮೊದಲು ನರಳುವುದು ಕೂಡಿ ದುಡಿಯುವವರು. ಒಂಟಿಯಾಗಿ ದುಡಿಯುವ ದೊಡ್ಡ ಸಂಸ್ಥೆಗೆ ಅದು ಅಷ್ಟಾಗಿ ತಟ್ಟುವುದಿಲ್ಲ.

ಹೊರಗಿನ ಒತ್ತಡಗಳನ್ನು ಹೇಳಿ ಸಭೆಗಳ ಹೊಣೆಯನ್ನು ಮರೆಯಬಾರದು. ವೆಲ್ಲೂರು ಬೆಳೆದಷ್ಟು ಅದರ ಸದಸ್ಯ ಸಭೆಗಳ ಸ್ವಂತ ಆಸ್ಪತ್ರೆಗಳು ಬೆಳೆಯಲಿಲ್ಲ. ವಿದೇಶಿ ಮಿಷನರಿಗಳು ಹೋದ ಮೇಲೆ ಎಷ್ಟೋ ಮಿಷನ್ ಆಸ್ಪತ್ರೆಗಳು ಕಳೆಗುಂದಿದವು. ಊರ ನಡುವಿನ ಅವುಗಳ ವಿಶಾಲ ಜಮೀನಿನ ಮೇಲೆ ಕಣ್ಣಿಟ್ಟವರು ಸಭೆಯ ಒಳಗೂ ಇದ್ದರು. ಸ್ಪಾನ್ಸರ್‌ಶಿಪ್ ಪತ್ರ ಕೊಡುವಾಗ ಸೇವೆಯ ಮನಸ್ಸಿಗಿಂತ ಸಂಬಂಧಗಳನ್ನು ನೋಡುವ ದೌರ್ಬಲ್ಯ ಎಲ್ಲಿಯೂ ಇರಲಿಲ್ಲ ಎಂದು ಯಾರೂ ಎದೆ ಮುಟ್ಟಿ ಹೇಳಲಾರರು. ಪಂಗಡದ ಗೋಡೆ ದಾಟಿದವರಿಗೆ ಜಾತಿಯ ಗೋಡೆ ದಾಟುವುದು ಎಷ್ಟೋ ಕಡೆ ಸಾಧ್ಯವಾಗಿಲ್ಲ. ಬಂದ ಯುವ ವೈದ್ಯರಿಗೆ ನೀರು ಸೋರುವ ಕ್ವಾರ್ಟರ್ಸ್ ಕೊಟ್ಟು, ಕೆಟ್ಟುನಿಂತ ಎಕ್ಸ್‌ರೇ ಯಂತ್ರ ತೋರಿಸಿ, ತ್ಯಾಗದ ಉಪದೇಶ ಮಾಡಿದರೆ ಅವರು ಎರಡು ವರ್ಷ ಮುಗಿಯುವುದನ್ನೇ ಕಾಯುತ್ತಾರೆ. 1970ರಲ್ಲಿ ಉತ್ತರ ಭಾರತದ ಹಲವು ಮಿಷನ್ ಆಸ್ಪತ್ರೆಗಳು ಎಮ್ಯಾನ್ಯುಯೆಲ್ ಹಾಸ್ಪಿಟಲ್ ಅಸೋಸಿಯೇಷನ್ ಎಂಬ ಒಂದೇ ಆಡಳಿತದಡಿ ಕೂಡಿಕೊಂಡು ಇಂಥ ಸ್ಥಿತಿಯಿಂದ ಪಾರಾಗಲು ನೋಡಿದವು. ಸಿಬ್ಬಂದಿಯನ್ನೂ ಪರಿಣತಿಯನ್ನೂ ಪರಸ್ಪರ ಹಂಚಿಕೊಂಡದ್ದರಿಂದ ಒಂಟಿಯಾಗಿ ಮುಚ್ಚಿಹೋಗಬಹುದಾಗಿದ್ದ ಎಷ್ಟೋ ಆಸ್ಪತ್ರೆಗಳು ಉಳಿದುಕೊಂಡಿವೆ.

ಕರ್ನಾಟಕದಲ್ಲಿ ಇಂಥ ಪ್ರಯತ್ನಕ್ಕೆ ಬೇಕಾದ ಸಾಮಗ್ರಿ ಹತ್ತಿರ ಹತ್ತಿರದಲ್ಲೇ ಇದೆ. ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ತೆರೆದ ಲೊಂಬಾರ್ಡ್ ಆಸ್ಪತ್ರೆ ನೂರು ವರ್ಷ ದಾಟಿ ನಡೆಯುತ್ತಿದೆ. ಮೈಸೂರು, ಗದಗ-ಬೆಟಗೇರಿ, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಹಳೆಯ ಮಿಷನ್ ಆಸ್ಪತ್ರೆಗಳಿವೆ, ಬೆಂಗಳೂರಿನಲ್ಲಿ ಕ್ಯಾಥೊಲಿಕರ ದೊಡ್ಡ ವೈದ್ಯ ಕಾಲೇಜಿದೆ. ಕೋಲಾರದ ಮೆಥಡಿಸ್ಟ್ ಆಸ್ಪತ್ರೆಗೂ ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆಗೂ ನಡುವೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಒಬ್ಬ ಅರಿವಳಿಕೆ ತಜ್ಞರನ್ನು, ಒಬ್ಬ ಮಕ್ಕಳ ತಜ್ಞರನ್ನು ಈ ಎರಡೂ ಆಸ್ಪತ್ರೆಗಳು ವಾರದ ದಿನಗಳನ್ನು ಹಂಚಿಕೊಂಡು ನೇಮಿಸಿಕೊಳ್ಳಲು ಸುಪ್ರೀಂ ಕೋರ್ಟಿನ ಅನುಮತಿಯೂ ಬೇಡ, ವಿದೇಶದ ಹಣವೂ ಬೇಡ. ಎರಡು ಸಭೆಗಳ ಆಡಳಿತ ಮಂಡಳಿಗಳು ಒಂದು ಮಧ್ಯಾಹ್ನ ಒಟ್ಟಿಗೆ ಕೂತು ಡ್ಯೂಟಿ ಪಟ್ಟಿ ಬರೆದರೆ ಸಾಕು.